ಹಳೆಯ ಕಾರಿನ ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಮತ್ತು ಉಕ್ಕಿನ ತಗಡಿನ ಟ್ಯಾಂಕ್ ಇರುವ ಹಳೆಯ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಟ್ಯಾಂಕಿನೊಳಗೇ ಪಂಪ್ ಇರುವ ಕಾರುಗಳಲ್ಲಿ ಬಿಚ್ಚುವ ಕ್ರಮ ಬೇರೆಯಾಗುತ್ತದೆ, ತುಕ್ಕಿನ ಕಥೆ ಅದೇ.

ಟ್ಯಾಂಕಿನೊಳಗೆ ತುಕ್ಕಿದೆ ಎಂದು ಬಿಚ್ಚದೆ ತಿಳಿಯುವುದು ಹೇಗೆ?

ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ತುಕ್ಕು ಹಿಡಿದ ಟ್ಯಾಂಕಿನ ಮುಖ್ಯ ಲಕ್ಷಣ ಇದು. ಪಂಪ್ ಎಳೆಯುವಾಗ ತುಕ್ಕಿನ ಚಕ್ಕೆಗಳು ಟ್ಯಾಂಕಿನೊಳಗಿನ ಜಾಲರಿಗೆ ಅಂಟಿಕೊಂಡು ದಾರಿ ಮುಚ್ಚುತ್ತವೆ; ಇಂಜಿನ್ ನಿಂತೊಡನೆ ಎಳೆತ ನಿಂತು ಚಕ್ಕೆಗಳು ತಳಕ್ಕೆ ಉದುರುತ್ತವೆ. ಇದು ಗೊತ್ತಿಲ್ಲದೆ ಕಿಡಿ ಹುಟ್ಟಿಸುವ ಕಾಯಿಲ್, ಕಂಡೆನ್ಸರ್, ಜೊತೆಗೆ ಪಂಪ್ ಎಲ್ಲ ಬದಲಿಸಿ ಕೂತವರು ಬಹಳ ಮಂದಿ.

ಖಾತ್ರಿಗೆ ಟ್ಯಾಂಕಿನ ತೀರಾ ತಳದಿಂದ ಅರ್ಧ ಲೀಟರ್ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಅಲುಗಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಕಂದು ಗಸಿ ಇದ್ದರೆ ಬಾಟಲಿಯ ಹೊರಗಿನಿಂದ ಅಯಸ್ಕಾಂತ ಆಡಿಸಿ. ಅದರ ಹಿಂದೆ ಓಡಿಬರುವ ಕಣಗಳು ಉಕ್ಕಿನದೇ ಸರಕು. ಆದರೆ ಕೆಂಪು ತುಕ್ಕಿಗೆ ಅಯಸ್ಕಾಂತದ ಸೆಳೆತ ತೀರಾ ಕಡಿಮೆ. ಕಣ ಅಲುಗಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಬೆರಳಿಗೆ ಜಿಗುಟಾಗಿ ಅಂಟಿ, ಹಳೆಯ ವಾರ್ನಿಶ್ ವಾಸನೆ ಬಂದರೆ ಅದು ಪೆಟ್ರೋಲ್ ಕೆಟ್ಟು ಆದ ಅಂಟು. ಹಲವು ಟ್ಯಾಂಕ್‌ಗಳಲ್ಲಿ ಎರಡೂ ಇರುತ್ತವೆ.

ಪೆಟ್ರೋಲ್ ತುಂಬಿದ ಟ್ಯಾಂಕಿಗೆ ತುಕ್ಕು ಹೇಗೆ ಹಿಡಿಯುತ್ತದೆ?

ಪೆಟ್ರೋಲಿನಿಂದಲ್ಲ, ನೀರಿನಿಂದ. ಅರ್ಧ ಖಾಲಿಯಿರುವ ಟ್ಯಾಂಕ್ ಹಗಲು ಬಿಸಿಯಾದಾಗ ಗಾಳಿ ಹೊರಬಿಡುತ್ತದೆ, ರಾತ್ರಿ ತಣ್ಣಗಾದಾಗ ತೇವದ ಗಾಳಿ ಒಳಗೆಳೆದುಕೊಳ್ಳುತ್ತದೆ. ಆ ತೇವ ಮೇಲಿನ ತಗಡಿಗೆ ಹನಿಯಾಗಿ ಕಟ್ಟಿ ಕೆಳಗಿಳಿದು, ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಹಾಗಾಗಿ ತುಕ್ಕು ಹೆಚ್ಚು ಕಾಣುವುದು ಎರಡು ಕಡೆ: ಪೆಟ್ರೋಲ್ ತಾಗದ ಮೇಲ್ಛಾವಣಿಯಲ್ಲಿ ಮತ್ತು ನೀರು ನಿಲ್ಲುವ ತಳದ ಮೂಲೆಗಳಲ್ಲಿ.

ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದೆ. ಎಥನಾಲ್ ನೀರನ್ನು ಹೀರಿಕೊಂಡು ಒಂದು ಮಿತಿಯವರೆಗೆ ಕರಗಿಸಿಟ್ಟುಕೊಳ್ಳುತ್ತದೆ. ಶೇ 10ರಷ್ಟು ಎಥನಾಲ್ ಇರುವ ಪೆಟ್ರೋಲಿನಲ್ಲಿ, 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆ ಮಿತಿ ಸುಮಾರು ಶೇ 0.5. 40 ಲೀಟರಿಗೆ 200 ಮಿಲಿಲೀಟರ್ ಎಂದಾಯಿತು. ಮಿತಿ ದಾಟಿತೆಂದರೆ ನೀರು, ಎಥನಾಲ್ ಎರಡೂ ಒಟ್ಟಾಗಿ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ಬರೀ ನೀರಿಗಿಂತ ಈ ಪದರ ಉಕ್ಕನ್ನು ಬೇಗ ತಿನ್ನುತ್ತದೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ (ಇಂಜಿನ್ನಿನಲ್ಲಿ ಹೊತ್ತಲ್ಲದ ಹೊತ್ತಿಗೆ ಸಿಡಿಯದ ಗುಣ) ಕೂಡ ಇಳಿದಿರುತ್ತದೆ.

ಹೊರಗಿನ ತುಕ್ಕಿಗೆ ಬೇರೆಯೇ ಕಾರಣ. ಟ್ಯಾಂಕಿಗೂ ಬಾಡಿಗೂ ನಡುವೆ, ಟ್ಯಾಂಕನ್ನು ಹಿಡಿದಿಡುವ ಪಟ್ಟಿಗಳ ಅಡಿಯ ಮೆತ್ತೆಗಳಲ್ಲಿ ಕೆಸರು, ತೇವ ಸೇರಿ ವರ್ಷಗಟ್ಟಲೆ ಒಣಗದೆ ಉಳಿಯುತ್ತದೆ. ಕೆಳಗಿನಿಂದ ನೋಡಿದರೆ ಬಣ್ಣವೂ ಮಾಸದ ಟ್ಯಾಂಕ್ ಮೇಲ್ಭಾಗದಲ್ಲಿ ಜರಡಿಯಾಗಿರಬಹುದು.

ರಿಪೇರಿ ಮಾಡಿಸಬೇಕೋ, ಬದಲಿಸಬೇಕೋ?

ತುಕ್ಕು ಎಷ್ಟಿದೆ ಎನ್ನುವುದಕ್ಕಿಂತ ತಗಡು ಎಷ್ಟು ಉಳಿದಿದೆ ಎಂದು ನೋಡಿ. ಟ್ಯಾಂಕ್ ಇಳಿಸಿ, ಹೊರಗಿನ ಕೆಸರು, ಅಂಡರ್‌ಕೋಟ್ ಕೆರೆದು, ಮರದ ಹಿಡಿಯಿಂದ ಇಂಚಿಂಚೂ ತಟ್ಟಿ. ಗಟ್ಟಿ ತಗಡು ಠಣ್ಣೆನ್ನುತ್ತದೆ. ಸವೆದದ್ದು ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ಮೊಂಡು ಸ್ಕ್ರೂಡ್ರೈವರ್ ತುದಿಯಿಂದ ಜೋರಾಗಿ ಒತ್ತಿ. ತಗಡು ಒಳಕ್ಕೆ ಹೋದರೆ ಮುಂದೆ ಯೋಚಿಸುವುದೇನಿಲ್ಲ, ಬದಲಿಸಿ.

ಒಳಗೆ ಬರೀ ಕಂದು ಪುಡಿಯಿದ್ದರೆ ತೊಳೆದರೆ ಸಾಕು. ಚಕ್ಕೆ ಎದ್ದು ಗುಳಿ ಬಿದ್ದಿದ್ದು ತೂತಿಲ್ಲದಿದ್ದರೆ ತೊಳೆದು ಸೀಲರ್ (ಒಳಗೆ ಸುರಿದು ಒಣಗಿಸುವ ಲೇಪನ) ಹಾಕಬಹುದು. ಒಂದೆರಡು ಸೂಜಿ ತೂತು ಒಂದೇ ಕಡೆ ಇದ್ದರೆ ಬೆಸುಗೆ ನಿಲ್ಲುತ್ತದೆ. ಸೀಮ್ (ತಗಡುಗಳು ಕೂಡುವ ಅಂಚು) ಉದ್ದಕ್ಕೂ ಒಸರುತ್ತಿದ್ದರೆ ಅಥವಾ ಬೇರೆ ಬೇರೆ ಕಡೆ ತೂತಿದ್ದರೆ, ಕಾಣುವ ಒಂದೊಂದು ತೂತಿನ ಪಕ್ಕ ಕಾಣದ ಹತ್ತು ಸಿದ್ಧವಾಗುತ್ತಿರುತ್ತವೆ. ಹೊಸ ಟ್ಯಾಂಕ್ ಸಿಗದ ಅಪರೂಪದ ಮಾದರಿಯಾದರೆ, ಅನುಭವಿ ಕೆಲಸಗಾರರಿಂದ ಟ್ಯಾಂಕ್ ಕೊಯ್ದು ತೆರೆಸಿ, ಒಳಗೆ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಸತ್ತ ತಗಡು ತೆಗೆದು ಹೊಸದು ಕೂರಿಸಿ ಮುಚ್ಚಿಸುವ ದಾರಿಯೊಂದಿದೆ.

ಗಾಡಿಯಲ್ಲೇ ಬಿಟ್ಟು ತೊಳೆಯಲು ಆಗುವುದಿಲ್ಲವೇ?

ಇಲ್ಲ. ತಿರುವಿ ಕುಲುಕಲು ಆಗದ ಟ್ಯಾಂಕಿನ ಮೂಲೆಗಳಿಂದ ಚಕ್ಕೆ ಹೊರಬರುವುದಿಲ್ಲ.

ಕೆಲಸಕ್ಕೆ ಮುಂಚೆ ಯಾವ ಎಚ್ಚರಿಕೆ ಬೇಕು?

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಕಿಡಿ ತಗುಲಿದೊಡನೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟ, ಉರಿಯಲು ಗಾಳಿ ಸಾಲದು. ಆಗತಾನೆ ಖಾಲಿ ಮಾಡಿದ ಟ್ಯಾಂಕಿನಲ್ಲಿ ಮಿಶ್ರಣ ಸರಿಯಾಗಿ ಸಿಡಿಯುವ ಹದಕ್ಕೆ ಬಂದಿರುತ್ತದೆ. ‘ಖಾಲಿಯಾಗಿದೆಯಲ್ಲ, ಇನ್ನೇನು’ ಎನ್ನುವ ಧೈರ್ಯವೇ ಇಲ್ಲಿ ಅಪಾಯ.

ಕೆಲಸ ಬಯಲಲ್ಲಿ ಮಾಡಿ. ಆವಿ ಗಾಳಿಗಿಂತ ಭಾರ, ತಗ್ಗು ಹುಡುಕಿ ಹರಿಯುತ್ತದೆ. ಆದ್ದರಿಂದ ಸರ್ವಿಸ್ ಗುಂಡಿಯ ಮೇಲೆ ಟ್ಯಾಂಕ್ ಖಾಲಿ ಮಾಡಲೇಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಬಾಯಲ್ಲಿ ಎಳೆಯದೆ ಕೈಪಂಪ್ ಬಳಸಿ, ಪೆಟ್ರೋಲ್ ಹಿಡಿಯುವ ಲೋಹದ ಡಬ್ಬಿಯನ್ನು ನೆಲದ ಮೇಲೇ ಇಡಿ. ಡ್ರೈ ಪೌಡರ್ ಅಥವಾ ಫೋಮ್ ಅಗ್ನಿಶಾಮಕ ಕೈಗೆಟಕುವಲ್ಲಿರಲಿ. ಸೀಸ ಬೆರೆತ ಪೆಟ್ರೋಲಿನ ಕಾಲದ ಟ್ಯಾಂಕಿನ ಗಸಿಯಲ್ಲಿ ಸೀಸ ಇರಬಹುದು; ಎಷ್ಟೋ ಟ್ಯಾಂಕ್‌ಗಳ ತಗಡಿಗೂ ಸೀಸ ಮತ್ತು ತವರದ ಲೇಪನ ಇರುತ್ತದೆ. ಕೈಗವಸು ಬೇಕು, ಉಜ್ಜುವಾಗ ಮಾಸ್ಕ್ ಬೇಕು.

ಟ್ಯಾಂಕ್ ಇಳಿಸುವ ಕ್ರಮ ಏನು?

ಹಿಂದಿನ ದಿನವೇ ಪಟ್ಟಿಯ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಮರುದಿನ ಪೆಟ್ರೋಲ್ ಪೂರ್ತಿ ತೆಗೆಯಿರಿ. 40 ಲೀಟರ್ ಪೆಟ್ರೋಲ್ ಎಂದರೆ ಸುಮಾರು 30 ಕಿಲೋ ಭಾರ, ಅದೂ ಒಳಗೆ ತುಳುಕಾಡುತ್ತ ತೂಕ ತಪ್ಪಿಸುತ್ತದೆ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ತುಂಬುವ ಕೊಳವೆಯ ರಬ್ಬರ್, ಗಾಳಿ ಕೊಳವೆ, ಇಂಧನ ಪೈಪ್, ಸೆಂಡರ್ (ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಸಾಧನ) ತಂತಿ, ಅರ್ತ್ ತಂತಿ ಒಂದೊಂದಾಗಿ ಬಿಚ್ಚಿ. ಪ್ರತಿಯೊಂದಕ್ಕೂ ಗುರುತು ಚೀಟಿ ಕಟ್ಟಿ, ಫೋಟೊ ತೆಗೆದಿಡಿ. ಕೆಲವು ಮಾದರಿಗಳಲ್ಲಿ ಸೆಂಡರ್ ತಂತಿ ಟ್ಯಾಂಕಿನ ನೆತ್ತಿಯ ಮೇಲಿರುತ್ತದೆ; ಟ್ಯಾಂಕ್ ಒಂದಿಷ್ಟು ಕೆಳಗಿಳಿಸಿದ ಮೇಲೇ ಕೈ ಹೋಗುವುದು. ಹಲಗೆ ಇಟ್ಟ ಜಾಕ್ ಕೆಳಗೆ ಕೊಟ್ಟು ಪಟ್ಟಿ ಬಿಚ್ಚಿ, ನಿಧಾನಕ್ಕೆ ಇಳಿಸಿ.

ಸೆಂಡರ್ ಹಿಡಿದಿರುವ ಲಾಕ್ ರಿಂಗನ್ನು ಉಕ್ಕಿನ ಉಳಿಯಿಂದ ಹೊಡೆಯಬೇಡಿ, ಕಿಡಿ ಹಾರುತ್ತದೆ. ಹಿತ್ತಾಳೆಯ ತುಂಡು ಬಳಸಿ.

ಒಳಗೆ ತೊಳೆಯುವುದು ಹೇಗೆ?

ಮೂರು ಹಂತ, ಇದೇ ಕ್ರಮದಲ್ಲಿ: ಜಿಡ್ಡು, ಚಕ್ಕೆ, ತುಕ್ಕು. ಜಿಡ್ಡು ಬಿಟ್ಟು ನೇರ ಆಸಿಡ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಅಂಟು ಕವಿದಲ್ಲಿ ಆಸಿಡ್ ತುಕ್ಕನ್ನು ಮುಟ್ಟುವುದೇ ಇಲ್ಲ.

ಮೊದಲು ಬಿಸಿನೀರು ಮತ್ತು ಗಡುಸು ಡಿಟರ್ಜೆಂಟ್ ಹಾಕಿ ಕುಲುಕಿ, ಹೊರಬರುವ ನೀರಿನಲ್ಲಿ ಪೆಟ್ರೋಲ್ ವಾಸನೆ ನಿಲ್ಲುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಒಣಗಿ ಗಟ್ಟಿಯಾದ ಅಂಟಿಗೆ ಒಂದೆರಡು ಲೀಟರ್ ಅಸಿಟೋನ್ ಅಥವಾ ಲ್ಯಾಕರ್ ಥಿನ್ನರ್ ಹಾಕಿ, ಬಯಲಲ್ಲೇ ಆಗಾಗ ಮಗ್ಗುಲು ಬದಲಿಸುತ್ತ ಒಂದು ದಿನ ನೆನೆಸಬೇಕು. ಆಮೇಲೆ ಮತ್ತೆ ಸೋಪು ನೀರು. ಕಾಸ್ಟಿಕ್ ಸೋಡಾ ಜಿಡ್ಡನ್ನು ಚೆನ್ನಾಗಿಯೇ ತೆಗೆಯುತ್ತದೆ, ಆದರೆ ತವರ, ಸತು, ಅಲ್ಯೂಮಿನಿಯಂಗಳನ್ನೂ ತಿನ್ನುತ್ತದೆ. ಲೇಪನ ಉಳಿದಿರುವ ಟ್ಯಾಂಕಿಗೆ ಬೇಡ.

ಎರಡನೆಯದು ಚಕ್ಕೆ ಉದುರಿಸುವುದು. ಒಂದೆರಡು ಮೀಟರ್ ಸಣ್ಣ ಸರಪಳಿ ಒಳಗೆ ಬಿಟ್ಟು, ತುದಿಯನ್ನು ತಂತಿಯಿಂದ ಹೊರಗೆ ಕಟ್ಟಿಕೊಂಡು, ಸ್ವಲ್ಪ ಸೋಪು ನೀರಿನೊಂದಿಗೆ ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಉರುಳಾಡಿಸಿ. ನಟ್ಟುಗಳು, ಚೂಪು ಅಂಚಿನ ಜಲ್ಲಿಯೂ ಆಗುತ್ತವೆ, ಆದರೆ ಪೆಟ್ರೋಲ್ ತುಳುಕದಂತೆ ಒಳಗೆ ಅಡ್ಡ ಹಾಕಿರುವ ತಡೆತಗಡುಗಳ ಹಿಂದೆ ಸಿಕ್ಕಿಕೊಂಡರೆ ಹೊರತೆಗೆಯುವುದು ತಲೆನೋವು. ನಟ್ಟು ಹಾಕುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಹಳೆಯ ಕಂಬಳಿ ಸುತ್ತಿ ಕಾಂಕ್ರೀಟ್ ಮಿಕ್ಸರಿಗೆ ಕಟ್ಟಿ ತಿರುಗಿಸುವವರೂ ಇದ್ದಾರೆ. ತಗಡು ಗಟ್ಟಿಯಿದ್ದರೆ ಒಳ್ಳೆಯ ಉಪಾಯವೇ.

ಮೂರನೆಯದು ತುಕ್ಕು ಕರಗಿಸುವುದು. ಮನೆಯಲ್ಲಿ ಮಾಡುವವರಿಗೆ ಸಿಟ್ರಿಕ್ ಆಸಿಡ್ ಎಲ್ಲಕ್ಕಿಂತ ವಾಸಿ. ಲೀಟರ್ ನೀರಿಗೆ 60 ಗ್ರಾಂ, ಅಂದರೆ 40 ಲೀಟರ್ ಟ್ಯಾಂಕಿಗೆ 2.4 ಕಿಲೋ. ನೀರು ಬಿಸಿಯಿದ್ದಷ್ಟು ಕೆಲಸ ಬೇಗ. ಕತ್ತಿನವರೆಗೂ ತುಂಬಿ, ಏಕೆಂದರೆ ಮೇಲ್ಛಾವಣಿಯಲ್ಲೂ ತುಕ್ಕಿದೆ. ಅಷ್ಟು ದ್ರಾವಣ ಇಲ್ಲದಿದ್ದರೆ ಅರ್ಧ ತುಂಬಿ, ನಡುವೆ ಬೋರಲು ಹಾಕಿ. ಬಿಗಿಯಾಗಿ ಮುಚ್ಚಬೇಡಿ, ಹೈಡ್ರೋಜನ್ ಅನಿಲ ಹುಟ್ಟುತ್ತದೆ. 12 ಗಂಟೆಗೆ ಒಮ್ಮೆ ಇಣುಕಿ ನೋಡಿ, ತಗಡು ಬೂದು ಬಣ್ಣಕ್ಕೆ ತಿರುಗಿದೊಡನೆ ಸುರಿದುಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಆಸಿಡ್ ಒಳ್ಳೆಯ ಉಕ್ಕನ್ನೂ ತಿನ್ನತೊಡಗುತ್ತದೆ.

ವಿನೆಗರ್, ಹೈಡ್ರೋಕ್ಲೋರಿಕ್ ಆಸಿಡ್, ಎಲೆಕ್ಟ್ರಾಲಿಸಿಸ್ ಬಳಸಬಹುದೇ?

ವಿನೆಗರ್ ಕೆಲಸ ಮಾಡುತ್ತದೆ, ಆದರೆ ದಿನಗಟ್ಟಲೆ ಕಾಯಬೇಕು. ಹೈಡ್ರೋಕ್ಲೋರಿಕ್ ಆಸಿಡ್ ನಿಮಿಷಗಳಲ್ಲಿ ತುಕ್ಕು ತೆಗೆಯುತ್ತದೆ, ಅದೇ ವೇಗದಲ್ಲಿ ತಗಡನ್ನೂ ತೆಗೆಯುತ್ತದೆ. ಸೀಮಿನ ಮಡಿಕೆಯಲ್ಲಿ ಉಳಿದ ಕ್ಲೋರೈಡ್ ಆಮೇಲೆ ಒಳಗೊಳಗೇ ಕೊರೆಯುತ್ತಲೇ ಇರುತ್ತದೆ. ಬೇಡ. ಫಾಸ್ಫಾರಿಕ್ ಆಸಿಡ್ ಒಳ್ಳೆಯದು. ತುಕ್ಕು ತೆಗೆದು ಫಾಸ್ಫೇಟಿನ ತೆಳು ಪದರ ಬಿಡುವುದರಿಂದ ಸೀಲರ್ ಚೆನ್ನಾಗಿ ಹಿಡಿಯುತ್ತದೆ.

ಎಲೆಕ್ಟ್ರಾಲಿಸಿಸ್, ಅಂದರೆ ದ್ರಾವಣದೊಳಗೆ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವುದು, ಒಳ್ಳೆಯ ಲೋಹವನ್ನು ಮುಟ್ಟುವುದಿಲ್ಲ. ಲೀಟರಿಗೆ 5 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ತೂಗುಬಿಟ್ಟ ಉಕ್ಕಿನ ಸರಳಿಗೆ. ಸರಳು ಟ್ಯಾಂಕಿಗೆ ಎಲ್ಲೂ ತಾಗಬಾರದು. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ, ಸ್ಟೇನ್‌ಲೆಸ್ ಸರಳು ಇಟ್ಟರೆ ವಿಷಕಾರಿ ಕ್ರೋಮಿಯಂ ದ್ರಾವಣ ಸೇರುತ್ತದೆ. ಹೊರಡುವ ಅನಿಲ ಸಿಡಿಯುವಂಥದ್ದು, ಆದ್ದರಿಂದ ಇದೂ ಬಯಲಿನ ಕೆಲಸ. ಸರಳಿಗೆ ಎದುರಾಗಿ ಕಾಣುವ ಭಾಗ ಬೇಗ ಶುಚಿಯಾಗುತ್ತದೆ, ತಡೆತಗಡಿನ ಮರೆಯಲ್ಲಿರುವುದು ಹಾಗೆಯೇ ಉಳಿಯುತ್ತದೆ.

ಆಸಿಡ್ ಹಾಕಿದ ಮೇಲೆ ಹೊಸ ತೂತು ಬಂತು. ಆಸಿಡ್ ತಿಂದುಬಿಟ್ಟಿತೇ?

ಸಿಟ್ರಿಕ್ ಆಸಿಡ್ ಒಂದು ದಿನದಲ್ಲಿ ಗಟ್ಟಿ ತಗಡು ತೂತು ಮಾಡುವುದಿಲ್ಲ. ತೂತು ಮೊದಲೇ ಇತ್ತು, ತುಕ್ಕು ಅದಕ್ಕೆ ಬಿರಡೆಯಾಗಿ ಕೂತಿತ್ತು.

ತೊಳೆದು ಅರ್ಧ ಗಂಟೆಗೇ ಮತ್ತೆ ಕಿತ್ತಳೆ ಬಣ್ಣ ಬಂತಲ್ಲ?

ಬರಿಗೊಂಡ ಉಕ್ಕಿಗೆ ನೀರು, ಗಾಳಿ ಎರಡೂ ಸಿಕ್ಕರೆ ಅಷ್ಟೇ ಹೊತ್ತು ಸಾಕು. ಸಿಟ್ರಿಕ್ ಆಸಿಡ್ ಸುರಿದೊಡನೆ ನೀರಿನಲ್ಲಿ ಜಾಲಾಡಿಸಿ, ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಆಮ್ಲ ಕೊಂದು, ಕೊನೆಯದಾಗಿ ಬಿಸಿನೀರು ಹಾಕಿ ಸುರಿಯಿರಿ. ತಡಮಾಡದೆ ಒಂದು ಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಹಾಕಿ ಕುಲುಕಿ ತೆಗೆದರೆ ಸೀಮಿನ ನೀರನ್ನೂ ಅದು ಹೊತ್ತು ತರುತ್ತದೆ. ನಂತರ ಕಂಪ್ರೆಸರಿನ ತಣ್ಣನೆಯ ಗಾಳಿ ಮಾತ್ರ ಹಾಯಿಸಿ. ದ್ರಾವಕದ ವಾಸನೆ ಪೂರ್ತಿ ಹೋಗುವ ಮುಂಚೆ ಬಿಸಿಗಾಳಿಯ ಯಂತ್ರ ಹತ್ತಿರ ತರಬೇಡಿ. ತಣ್ಣನೆ ಗಾಳಿಯಲ್ಲಿ ವಾಸನೆ ಹೋದ ಮೇಲೆ ಬಿಸಿಗಾಳಿ ಕೊಡಬಹುದು.

ಸೀಲರ್ ಹಾಕುವುದಿಲ್ಲವೆಂದಾದರೆ, ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ ಒಳಗೆಲ್ಲ ಸವರುವಂತೆ ಉರುಳಾಡಿಸಿ, ಆದಷ್ಟು ಬೇಗ ಜೋಡಿಸಿ ತುಂಬಿಬಿಡಿ. ಸೀಲರ್ ಹಾಕುವ ಯೋಚನೆಯಿದ್ದರೆ ಎಣ್ಣೆ ತಾಕಿಸಲೇಬೇಡಿ.

ಸೀಲರ್ ಹಾಕಲೇಬೇಕೇ? ಅದು ಕಿತ್ತು ಬರುತ್ತದೆ ಎನ್ನುತ್ತಾರಲ್ಲ?

ತಗಡು ಗಟ್ಟಿಯಿದ್ದು ಗಾಡಿ ನಿಯಮಿತವಾಗಿ ಓಡುತ್ತಿದ್ದರೆ ಸೀಲರ್ ಬೇಕಾಗಿಲ್ಲ. ಗುಳಿ ಬಿದ್ದ ತಗಡಿಗೆ ಪ್ರಯೋಜನವಿದೆ. ಆದರೆ ಸೀಲರ್ ಒಂದು ಲೇಪನ ಅಷ್ಟೇ, ಅದು ತಗಡಿನ ಕೆಲಸ ಮಾಡುವುದಿಲ್ಲ. ಹಾಳೆಯಷ್ಟು ತೆಳ್ಳಗಾದ ತಳವನ್ನು ಸೀಲರ್ ನಂಬಿ ಓಡಿಸಿದರೆ, ಒಂದು ದಿನ ಕಲ್ಲು ಬಡಿದಾಗ ಎರಡೂ ಒಟ್ಟಿಗೆ ಬಿರಿಯುತ್ತವೆ.

ಕಿತ್ತು ಬರುವುದು ನಿಜ. ಹಾಗೆ ಕಿತ್ತ ಹಾಳೆಗಳು ತುಕ್ಕಿಗಿಂತ ಚೆನ್ನಾಗಿ ಜಾಲರಿ ಮುಚ್ಚುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸೀಲರ್ ಅಲ್ಲ, ಅಡಿಯಲ್ಲಿ ಉಳಿದ ಜಿಡ್ಡು ಅಥವಾ ತೇವ. ಕೆಲವು ಹಳೆಯ ಸೀಲರುಗಳು ಎಥನಾಲಿನಲ್ಲಿ ಮೆತ್ತಗಾಗುತ್ತಿದ್ದವು; ಎಥನಾಲ್ ತಾಳುತ್ತದೆ ಎಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ.

ಹಾಕುವ ಮುನ್ನ ಇಂಧನ ಪೈಪ್, ಗಾಳಿ ಕೊಳವೆ, ಸೆಂಡರ್ ಬಾಯಿ, ಡ್ರೇನ್ ಪ್ಲಗ್ಗಿನ ತಿರುಪು ಎಳೆಗಳನ್ನು ಬಿರಡೆ, ಟೇಪುಗಳಿಂದ ಮುಚ್ಚಿ. ಸೀಲರ್ ಸುರಿದು, ನಿಧಾನವಾಗಿ ಆರೂ ಮಗ್ಗುಲಿಗೆ ತಿರುವಿ, ಉಳಿದದ್ದನ್ನು ಪೂರ್ತಿ ಬಸಿಯಬೇಕು. ತಳದಲ್ಲಿ ಮಡುವಾಗಿ ನಿಂತ ಸೀಲರ್ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು, ಆಮೇಲೆ ಎದ್ದು ಬರುತ್ತದೆ. ಗಟ್ಟಿಯಾಗುವ ಮುಂಚೆಯೇ ಬಿರಡೆ ತೆಗೆದು ಕೊಳವೆಗಳಿಗೆ ಗಾಳಿ ಊದಿ. ಡಬ್ಬಿಯಲ್ಲಿ ನಾಲ್ಕು ದಿನ ಒಣಗಿಸಿ ಎಂದಿದ್ದರೆ ನಾಲ್ಕು ದಿನ. ಮೂರನೆಯ ದಿನ ಮುಟ್ಟಿ ನೋಡಿ ಪೆಟ್ರೋಲ್ ಹಾಕಬೇಡಿ.

ಸಣ್ಣ ತೂತನ್ನು ಹೇಗೆ ಮುಚ್ಚುವುದು? ವೆಲ್ಡಿಂಗ್ ಮಾಡಬಹುದೇ?

ಮನೆಯಲ್ಲಿ ವೆಲ್ಡಿಂಗ್ ಬೇಡ. ತೊಳೆದ ಟ್ಯಾಂಕಿನ ಸೀಮಿನಲ್ಲಿ ಉಳಿದ ಒಂದಿಷ್ಟು ಪೆಟ್ರೋಲ್ ಬಿಸಿಗೆ ಆವಿಯಾಗಿ ಸಿಡಿದು ಸತ್ತವರಿದ್ದಾರೆ. ಈ ಕೆಲಸ ತಿಳಿದವರು ಹಬೆಯಿಂದ ತೊಳೆದು, ಆರ್ಗಾನಿನಂಥ ಅನಿಲ ತುಂಬಿ, ಆವಿ ಅಳೆದು ನೋಡಿ ಮಾಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕವನ್ನು ಟ್ಯಾಂಕಿನೊಳಗೆ ಊದುವ ಸಲಹೆ ಆಗಾಗ ಕೇಳಿಬರುತ್ತದೆ. ಅದರ ರಭಸಕ್ಕೆ ಸ್ಥಿರ ವಿದ್ಯುತ್ ಹುಟ್ಟಿ ಅದೇ ಕಿಡಿ ಹೊತ್ತಿಸಬಹುದು.

ಸೂಜಿ ತೂತಿಗೆ ಸೀಸ ಬೆಸುಗೆ ಹಳೆಯ, ನಂಬಬಹುದಾದ ದಾರಿ. 60:40 ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಟ್ಯಾಂಕ್ ಪೂರ್ತಿ ತೊಳೆದು ಆವಿ ಹೋದ ಮೇಲೆ, ತೂತಿನ ಸುತ್ತ ಹೊಳೆಯುವಂತೆ ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಜಿಂಕ್ ಕ್ಲೋರೈಡ್ ಫ್ಲಕ್ಸ್ ಸವರಿ, ದೂರದಲ್ಲಿ ಕಾಯಿಸಿ ತಂದ ತಾಮ್ರದ ದೊಡ್ಡ ಬೆಸುಗೆ ಕೋಲಿನಿಂದ ಬೆಸುಗೆ ಹರಿಸಿ. ಟ್ಯಾಂಕಿನ ಬಳಿ ಜ್ವಾಲೆ ಬರಬಾರದು. ತೂತು ದೊಡ್ಡದಾದರೆ ಸುತ್ತಲೂ ಒಂದು ಸೆಂಟಿಮೀಟರ್ ಮೀರುವಷ್ಟು ತೆಳು ತಾಮ್ರ ಅಥವಾ ತವರ ಬಳಿದ ತಗಡಿನ ತೇಪೆ ಹಾಕಿ. ಮುಗಿದ ಮೇಲೆ ಫ್ಲಕ್ಸ್ ಚೆನ್ನಾಗಿ ತೊಳೆಯದಿದ್ದರೆ ಅದೇ ಹೊಸ ತುಕ್ಕಿಗೆ ಮೂಲ.

ದಾರಿಯಲ್ಲಿ ಸೋರತೊಡಗಿದರೆ ಒಣ ಸೋಪಿನ ಬಿಲ್ಲೆಯನ್ನು ತೂತಿಗೆ ಒತ್ತಿ ಉಜ್ಜಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಮನೆ ಸೇರಿಸುತ್ತದೆ. ಪಾಲಿಯೆಸ್ಟರ್ ರೆಸಿನ್ ಹಾಕಿದ ಫೈಬರ್‌ಗ್ಲಾಸ್ ತೇಪೆ ಎಥನಾಲಿಗೆ ತಾಳುವುದಿಲ್ಲ.

ಸೋರಿಕೆ ಪರೀಕ್ಷೆಗೆ ಎಷ್ಟು ಗಾಳಿ ಹಾಕಬೇಕು?

ತೀರಾ ಕಡಿಮೆ, 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) ಮೀರದಷ್ಟು. ಲೆಕ್ಕ ಹಾಕಿ ನೋಡಿ: 1 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 0.07 ಕಿಲೋ. ಟ್ಯಾಂಕಿನ ಒಂದು ಮುಖ 40 ಸೆಂಟಿಮೀಟರಿಗೆ 60 ಇದ್ದರೆ 2,400 ಚದರ ಸೆಂಟಿಮೀಟರ್, ಅದರ ಮೇಲೆ 168 ಕಿಲೋ ಒತ್ತಡ. ಇಬ್ಬರು ದಢೂತಿ ಆಳುಗಳು ಒಳಗಿನಿಂದ ತಳ್ಳಿದಂತೆ. ಕಂಪ್ರೆಸರಿನ ಹೋಸ್ ನೇರ ಚುಚ್ಚಿದರೆ ಟ್ಯಾಂಕ್ ಉಬ್ಬುತ್ತದೆ ಅಥವಾ ಸೀಮ್ ಬಿಡುತ್ತದೆ. ಎಲ್ಲ ಬಾಯಿ ಮುಚ್ಚಿ, ಒಂದು ಕೊಳವೆಗೆ ಊದಿದ ಬಲೂನ್ ಸಿಕ್ಕಿಸಿ, ಸೀಮಿಗೆ ಸೋಪು ನೀರು ಬಳಿಯಿರಿ. ಬಲೂನ್ ಒಂದು ಗಂಟೆ ಕುಗ್ಗದಿದ್ದರೆ, ಗುಳ್ಳೆ ಏಳದಿದ್ದರೆ ಸಾಕು. ಹೊಸ ಟ್ಯಾಂಕನ್ನೂ ಬಣ್ಣ ಹೊಡೆಯುವ ಮುಂಚೆ ಹೀಗೆ ನೋಡಿ.

ಹೊಸ ಟ್ಯಾಂಕ್ ಕೊಳ್ಳುವಾಗ ಏನು ನೋಡಬೇಕು?

ಆಕಾರ ಸರಿ ಕಂಡರೆ ಸಾಲದು. ಹಳೆಯದನ್ನು ಪಕ್ಕಕ್ಕಿಟ್ಟು ಸೆಂಡರ್ ರಂಧ್ರದ ಅಳತೆ, ಅದರ ತಿರುಪು ರಂಧ್ರಗಳ ಜಾಗ, ತುಂಬುವ ಕೊಳವೆಯ ವ್ಯಾಸ ಮತ್ತು ಓರೆ, ಗಾಳಿ ಕೊಳವೆ, ಮರಳುವ ಪೈಪ್, ಡ್ರೇನ್ ಪ್ಲಗ್ ಎಲ್ಲವನ್ನೂ ಹೋಲಿಸಿ. ಒಳಗೆ ತಡೆತಗಡು ಇಲ್ಲದ ಟ್ಯಾಂಕಿನಲ್ಲಿ ತಿರುವುಗಳಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಓಡಿ ಇಂಜಿನ್ ತಡವರಿಸುತ್ತದೆ. ಅಲ್ಯೂಮಿನಿಯಂ ಟ್ಯಾಂಕ್ ಹಾಕಿದರೆ ಉಕ್ಕಿನ ಪಟ್ಟಿಗೂ ಅದಕ್ಕೂ ನಡುವೆ ರಬ್ಬರ್ ಕಡ್ಡಾಯ. ಎರಡು ಲೋಹ ತೇವದಲ್ಲಿ ತಾಗಿದರೆ ಅಲ್ಯೂಮಿನಿಯಂ ಕರಗುತ್ತದೆ. ಹೊಸ ಟ್ಯಾಂಕಿನೊಳಗೆ ಕಾಪಾಡುವ ಎಣ್ಣೆ, ಲೋಹದ ಪುಡಿ ಇರಬಹುದು, ತೊಳೆಯದೆ ಹಾಕಬೇಡಿ. ಮೆತ್ತೆಗೆ ನೀರು ಹೀರುವ ಫೆಲ್ಟ್ ಬದಲು ರಬ್ಬರ್ ಪಟ್ಟಿ ಬಳಸಿ.

ಜೋಡಿಸಿದ ಮೇಲೆ ಪೆಟ್ರೋಲ್ ಗೇಜ್ ತಪ್ಪು ತೋರಿಸುತ್ತಿದೆ. ಏಕೆ?

ಮೊದಲು ಅರ್ತ್ ನೋಡಿ. ಹೊಸ ಬಣ್ಣ, ರಬ್ಬರ್ ಮೆತ್ತೆ ಎರಡೂ ವಿದ್ಯುತ್ ತಡೆಯುತ್ತವೆ. ಸೆಂಡರಿನಿಂದ ಷಾಸಿಗೆ ಬೇರೆ ಅರ್ತ್ ತಂತಿ ಕೊಡಿ. ಅದು ಸರಿಯಿದ್ದರೆ ಸೆಂಡರ್ ಮತ್ತು ಗೇಜಿನ ಓಮ್ (ವಿದ್ಯುತ್ ರೋಧದ ಅಳತೆ) ಹೊಂದುತ್ತಿಲ್ಲ. 1960ರ ದಶಕದ ಮಧ್ಯದ ನಂತರದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಖಾಲಿಗೆ 0, ಪೂರ್ತಿಗೆ 90 ಓಮ್. ಹಳೆಯ ಫೋರ್ಡ್‌ನಲ್ಲಿ ತಿರುವುಮುರುವು: ಖಾಲಿಗೆ 73, ಪೂರ್ತಿಗೆ 10ರ ಆಸುಪಾಸು. ಯುರೋಪಿನ ವಿಡಿಒ ಕಂಪನಿಯ ಹಲವು ಗೇಜುಗಳಿಗೆ 10ರಿಂದ 180. ಹೊರಗೆ ಸಿಗುವ ಸಾರ್ವತ್ರಿಕ ಸೆಂಡರುಗಳಲ್ಲಿ 240ರಿಂದ 33 ಸಾಮಾನ್ಯ. ಟ್ಯಾಂಕಿಗೆ ಹಾಕುವ ಮುಂಚೆಯೇ ಮೀಟರ್ ಹಿಡಿದು ತೋಳನ್ನು ಮೇಲೆ ಕೆಳಗೆ ಆಡಿಸಿ ನೋಡಿದ್ದರೆ ಎರಡನೆಯ ಸಲ ಇಳಿಸುವ ಪಾಡು ತಪ್ಪುತ್ತದೆ. ತೋಳಿನ ತುದಿಯಲ್ಲಿ ತೇಲುವ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಕುಲುಕಿ. ಒಳಗೆ ಪೆಟ್ರೋಲ್ ಸದ್ದಾದರೆ ಅದು ಮುಳುಗುತ್ತದೆ. ಕಾರ್ಕ್ ಫ್ಲೋಟಿನ ಹಳೆಯ ಅರಗಿನ ಲೇಪ ಎಥನಾಲಿನಲ್ಲಿ ಕರಗುತ್ತದೆ, ಬದಲಿಸಿ.

ಮುಚ್ಚಳ ತೆಗೆದಾಗ ಬುಸ್ ಎಂದು ಗಾಳಿ ಒಳಗೆಳೆಯುತ್ತದೆ. ತೊಂದರೆಯೇ?

ಹೌದು, ಗಾಳಿದಾರಿ ಮುಚ್ಚಿದೆ. ಪಂಪ್ ಪೆಟ್ರೋಲ್ ಎಳೆದಷ್ಟೂ ಒಳಗೆ ನಿರ್ವಾತ ಹೆಚ್ಚಿ ಇಂಜಿನ್ ನಿಲ್ಲುತ್ತದೆ, ತೆಳು ಟ್ಯಾಂಕ್ ಒಳಕ್ಕೆ ಕುಸಿಯಲೂಬಹುದು. ಹಳೆಯ ಕಾರುಗಳ ಮುಚ್ಚಳದಲ್ಲೇ ಗಾಳಿ ರಂಧ್ರ ಇರುತ್ತದೆ. ಆವಿ ನಿಯಂತ್ರಣ ಬಂದ ಮೇಲಿನವುಗಳಲ್ಲಿ, ಅಂದರೆ ಅಮೆರಿಕದಲ್ಲಿ 1971ರ ಮಾದರಿಗಳಿಂದ, ಕ್ಯಾಲಿಫೋರ್ನಿಯಾದಲ್ಲಿ 1970ರಿಂದ, ಗಾಳಿ ಬೇರೆ ಕೊಳವೆಯಿಂದ ಬರುತ್ತದೆ, ಮುಚ್ಚಳ ಬಿಗಿ. ಮುಚ್ಚಳ ಅದಲುಬದಲಾದರೆ ಈ ಕಾಟ ಶುರು. ಸೀಲರ್ ಹಾಕುವಾಗ ಗಾಳಿ ಕೊಳವೆ ಮುಚ್ಚಿಕೊಂಡಿತೇ ಎಂದೂ ನೋಡಿ.

ಟ್ಯಾಂಕ್ ಒಂದನ್ನೇ ಸರಿಮಾಡಿದರೆ ಸಾಕೇ?

ಸಾಲದು. ತುಕ್ಕು ಆಗಲೇ ಪೈಪ್, ಪಂಪ್, ಕಾರ್ಬ್ಯುರೇಟರ್ ತಲುಪಿರುತ್ತದೆ. ಎರಡೂ ತುದಿ ಬಿಚ್ಚಿ ಉಕ್ಕಿನ ಪೈಪಿಗೆ ಗಾಳಿ ಊದಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ತೆರೆದು ಗಸಿ ತೆಗೆದು, ಅದಕ್ಕೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ನೋಡಿ. ಅಲ್ಲಿ ಒಂದು ಕಣ ಸಿಕ್ಕರೂ ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಚೆಲ್ಲುತ್ತದೆ. ರಬ್ಬರ್ ಕೊಳವೆಗಳನ್ನೆಲ್ಲ ಎಥನಾಲ್ ತಾಳುವ ಎಸ್‌ಎಇ ಜೆ30 ಆರ್9 (ಇಂಧನ ಕೊಳವೆಗಳ ಒಂದು ಗುಣಮಟ್ಟ) ಗುರುತಿನವಕ್ಕೆ ಬದಲಿಸಿ, ಟ್ಯಾಂಕಿನೊಳಗೆ ಮುಳುಗುವ ತುಂಡಿಗೆ ಆರ್10 ಬೇಕು. ಪಂಪಿಗೆ ಮುಂಚೆ ಒಳಗೆ ಕಾಣುವ ಫಿಲ್ಟರ್ ಹಾಕಿ, ಮೊದಲ 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬದಲಿಸಿ. ಎರಡನೆಯದೂ ಕಂದು ಬಣ್ಣಕ್ಕೆ ತಿರುಗಿದರೆ ಟ್ಯಾಂಕ್ ಶುಚಿಯಾಗಿಲ್ಲ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಡಬೇಕೋ, ಖಾಲಿಯೋ?

ಮೂರ್ನಾಲ್ಕು ತಿಂಗಳಾದರೆ ತುಂಬಿಡಿ; ಗಾಳಿಗೆ ಜಾಗ ಕಡಿಮೆಯಿದ್ದಷ್ಟು ತೇವ ಕಡಿಮೆ. ಹಿಗ್ಗಲು ಒಂದಿಷ್ಟು ಜಾಗ ಬಿಟ್ಟು, ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವುದಾದರೆ ಅದನ್ನೇ ಹಾಕಿ. ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ಸ್ಟೆಬಿಲೈಸರ್ ಹಾಕುವುದಾದರೆ ತಾಜಾ ಪೆಟ್ರೋಲಿಗೆ ಹಾಕಿ, ಹತ್ತು ನಿಮಿಷ ಇಂಜಿನ್ ಓಡಿಸಿ ಕಾರ್ಬ್ಯುರೇಟರಿನವರೆಗೆ ತಲುಪಿಸಿ. ಕೆಟ್ಟ ಪೆಟ್ರೋಲನ್ನು ಅದು ಸರಿಪಡಿಸುವುದಿಲ್ಲ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಪೂರ್ತಿ ಬಸಿದು, ಒಳಗೆ ಎಣ್ಣೆ ಸವರಿಸಿ ಮುಚ್ಚಿ. ಹಳೆಯ ಪೆಟ್ರೋಲ್, ಗಸಿ, ಬಳಸಿದ ದ್ರಾವಕಗಳನ್ನು ಚರಂಡಿಗಾಗಲಿ ನೆಲಕ್ಕಾಗಲಿ ಸುರಿಯದೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.